ಒಳಗೆಲ್ಲ ಕಿತ್ತುಹಾಕಿದ ಹಳೆ ಮನೆ: ರಿಪೇರಿ ಖರ್ಚು ಇಳಿಸುವುದು ಹೇಗೆ?

ಗೋಡೆ, ಚಾವಣಿ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತ ಮನೆಯಲ್ಲಿ ದುಬಾರಿ ಟೈಲ್ಸ್‌ಗಿಂತ ಹೆಚ್ಚು ದುಡ್ಡು ನುಂಗುವುದು ಎರಡೆರಡು ಸಲ ಮಾಡುವ ಕೆಲಸ. ಹಾಗಾಗಿ ಕ್ರಮ ತಪ್ಪಬಾರದು: ಮೊದಲು ಚಾವಣಿಯ ಸೋರಿಕೆ, ಬಿರುಕು, ಗೋಡೆಯ ತೇವ, ಆಮೇಲೆ ಪೈಪು, ವೈರಿಂಗ್, ನಂತರ ಗಾರೆ, ನೆಲ, ಬಣ್ಣ ಕೊನೆಗೆ.

ಕಿತ್ತದ್ದನ್ನೆಲ್ಲ ಕಸಕ್ಕೆ ಸಾಗಿಸಬೇಡಿ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಸಾಮಾನ್ಯವಾಗಿ ಇಡಿಯಾಗಿಯೇ ಬಿಡಿಸಿಕೊಳ್ಳುತ್ತದೆ, ಮತ್ತೆ ಕಟ್ಟಲು ಬರುತ್ತದೆ. ಸಿಮೆಂಟಿನದ್ದು ಹೆಚ್ಚಾಗಿ ಒಡೆಯುತ್ತದೆ, ಅದರ ಹಿಂದೆ ಬಿದ್ದರೆ ಕೂಲಿಯೇ ಜಾಸ್ತಿ. ಬಾಗಿಲು, ತೊಲೆಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿರಬಹುದು.

ದೊಡ್ಡ ಉಳಿತಾಯ ಇರುವುದು ಶೌಚಾಲಯ, ಅಡುಗೆಮನೆಗಳನ್ನು ಇದ್ದಲ್ಲೇ ಬಿಡುವುದರಲ್ಲಿ. ಕಮೋಡನ್ನು 3 ಮೀಟರ್ ಸರಿಸುತ್ತೀರಿ ಎನ್ನಿ. ಪೈಪಿಗೆ ಮೀಟರಿಗೆ 2 ಸೆಂ.ಮೀ.ನಂತೆ 6 ಸೆಂ.ಮೀ. ಇಳಿಜಾರು ಬೇಕು, ಪೈಪಿನ ದಪ್ಪವೇ 11 ಸೆಂ.ಮೀ. ಅಂದರೆ 17 ಸೆಂ.ಮೀ. ನೆಲ ಅಗೆಯಬೇಕು, ಇಲ್ಲವೇ ಅಷ್ಟು ಎತ್ತರಿಸಬೇಕು. ಇಳಿಜಾರಿನಲ್ಲಿ ಚೌಕಾಸಿ ಮಾಡಿದರೆ ಪೈಪು ಪದೇ ಪದೇ ಕಟ್ಟಿಕೊಳ್ಳುತ್ತದೆ.

ಗೋಡೆಯೊಳಗೆ ಹೋಗುವ ಯಾವುದರಲ್ಲೂ ಜಿಪುಣತನ ಬೇಡ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರ್‌ಗೆ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ. ಮುಂದೆ ಬೇಕಾದಾಗ ವೈರ್ ಎಳೆಯಲು ಒಂದೆರಡು ಖಾಲಿ ಕಾಂಡ್ಯೂಟ್ (ವೈರ್ ಹಾಯಿಸುವ) ಪೈಪನ್ನೂ ಹಾಕಿಸಿಡಿ. ನೀರಿನ ಪೈಪುಗಳ ಬಾಯಿ ಮುಚ್ಚಿ, ಬಳಕೆಯ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸಿ. ಪೈಪು, ವೈರ್ ಎಲ್ಲಿವೆ ಎಂದು ಕಾಣುವಂತೆ ಅಳತೆ ಟೇಪು ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದ ಮೇಲಷ್ಟೇ ಗಾರೆಯವರನ್ನು ಕರೆಯಿರಿ. ಮುಂದೆ ಮೊಳೆ ಹೊಡೆಯುವಾಗ ಈ ಫೋಟೊ ಬೇಕಾಗುತ್ತದೆ.

ಸುಣ್ಣದ ಗಾರೆಯ ಹಳೆ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಉಪ್ಪು ಬಿಡುತ್ತದೆ, ಪದರ ಉಬ್ಬಿ ಕಳಚುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಹೊಸದಾಗಿ ಕಟ್ಟಿದ ಇಟ್ಟಿಗೆ ಗೋಡೆಗಾದರೆ 1:6 ಸಿಮೆಂಟ್–ಮರಳು, 12 ಮಿ.ಮೀ. ದಪ್ಪ ಸಾಕು. ಏಳು ದಿನ ನೀರುಣಿಸಿ, ಸುಮಾರು ನಾಲ್ಕು ವಾರ ಒಣಗಲು ಬಿಟ್ಟು ಬಣ್ಣಕ್ಕಿಳಿಯಿರಿ. ಗೃಹಪ್ರವೇಶದ ಅವಸರದಲ್ಲಿ ಹಸಿ ಗೋಡೆಗೆ ಹಚ್ಚಿದ ಬಣ್ಣ ಚಕ್ಕೆಯಾಗಿ ಉದುರಿದರೆ ಬಣ್ಣದ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಟೈಲ್ಸನ್ನು ಅಳತೆಗಿಂತ ಶೇ 10ರಷ್ಟು, ಓರೆಯಾಗಿ ಕೂರಿಸುವುದಾದರೆ ಶೇ 15ರಷ್ಟು ಹೆಚ್ಚು ತನ್ನಿ, ಎಲ್ಲವೂ ಒಂದೇ ಬ್ಯಾಚಿನದ್ದಿರಲಿ. ಕಪಾಟು, ಫಾಲ್ಸ್ ಸೀಲಿಂಗ್, ಅಲಂಕಾರದ ದೀಪಗಳನ್ನು ಕೈಯಲ್ಲಿ ದುಡ್ಡು ಆಡಿದಾಗ ಮಾಡಿಸಬಹುದು. ಮೇಸ್ತ್ರಿಗೆ ಹಣವನ್ನು ಮುಗಿದ ಹಂತದ ಅಳತೆ ಹಿಡಿದು ಕೊಡಿ, ದಿನದ ಲೆಕ್ಕದಲ್ಲಿ ಬೇಡ.