ಬ್ಯಾಕ್ಟೀರಿಯಾ ಹರಡಲಿಲ್ಲ ಅಂದರೆ ಪಿಲಿ ಇಲ್ಲ ಅಂತಲ್ಲ: ಪ್ಲೇಟಿನಲ್ಲಿ ನೋಡುವ ಬಗೆ

ಪಿಲಿ ಅಂದರೆ ಬ್ಯಾಕ್ಟೀರಿಯಾದ ಮೈಮೇಲಿನ ಕೂದಲಿನಂಥ ಎಳೆಗಳು, ಒಂದೇ ಆದರೆ ಪಿಲಸ್. ಅವನ್ನು ಬೆಳೆಸಿ ಎಳೆಯುವ ಪ್ರೋಟೀನ್‌ಗಳ ಹೆಸರನ್ನು ಪಿಲ್‌ಎ, ಪಿಲ್‌ಬಿ, ಪಿಲ್‌ಟಿ ಅಂತ ಮಗ್ಗಿ ಹಾಗೆ ಬಾಯಿಪಾಠ ಮಾಡಬೇಡಿ. ಒಂದು ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಹಾಕಿ ನೋಡಿ, ಯಾವ ಪ್ರೋಟೀನ್ ಏನು ಮಾಡುತ್ತದೆ ಅನ್ನೋದು ಕಣ್ಣಿಗೇ ಕಾಣುತ್ತದೆ.

ನಮ್ಮ ಕಡೆ ಬಾವಿಗೆ ಹಗ್ಗ ಬಿಟ್ಟು ಎಳೆಯುತ್ತೇವಲ್ಲ, ಹಾಗೆ ಅಂದುಕೊಳ್ಳಿ. ಹಗ್ಗ ಅಂದರೆ ಪಿಲ್‌ಎ ತುಣುಕುಗಳು ಸಾವಿರಗಟ್ಟಲೆ ಸೇರಿ ಆದ ಪಿಲಸ್, ದಪ್ಪ ಸುಮಾರು 6 ನ್ಯಾನೋಮೀಟರ್. ಪಿಲ್‌ಡಿ ಆ ತುಣುಕುಗಳ ತುದಿ ಕತ್ತರಿಸಿ ಸಿದ್ಧ ಮಾಡುತ್ತದೆ, ಪಿಲ್‌ಬಿ ಎಟಿಪಿ (ಜೀವಕೋಶದ ಇಂಧನ) ಸುಟ್ಟು ಹಗ್ಗ ಬೆಳೆಸುತ್ತದೆ, ಪಿಲ್‌ಕ್ಯೂ ಹೊರಪೊರೆಯಲ್ಲಿ ದಾರಿ ಬಿಡುತ್ತದೆ. ಹಗ್ಗದ ತುದಿ ಎಲ್ಲೋ ಅಂಟಿದ ಮೇಲೆ ಒಳಗೆ ಎಳೆಯೋದು ಪಿಲ್‌ಟಿ. ಹಗ್ಗ ಒಳಗೆ ಬಂದಂತೆ ಬ್ಯಾಕ್ಟೀರಿಯಾ ಮುಂದೆ ಜರಗುತ್ತದೆ.

ಮೂರು ತಳಿ ಬೇಕು: ಮಾಮೂಲಿ ಸೂಡೋಮೊನಾಸ್ ಏರುಜಿನೋಸಾ, ಪಿಲ್‌ಬಿ ಇಲ್ಲದ್ದು, ಪಿಲ್‌ಟಿ ಇಲ್ಲದ್ದು. ಇದು ಗಾಯಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾ, ಆದ್ದರಿಂದ ಗ್ಲೌಸ್ ಹಾಕಿಕೊಂಡು ಲ್ಯಾಬಿನಲ್ಲೇ ಮಾಡಿ. 1% ಅಗರ್ (ಗಟ್ಟಿಯಾಗಿಸುವ ಜೆಲ್ಲಿ) ಇರುವ ಎಲ್‌ಬಿ (ಬ್ಯಾಕ್ಟೀರಿಯಾದ ಆಹಾರ) ಪ್ಲೇಟನ್ನು ತೆಳ್ಳಗೆ ಸುರಿಯಿರಿ. ಕ್ರಿಮಿ ಇಲ್ಲದಂತೆ ಮಾಡಿದ ಟೂತ್‌ಪಿಕ್‌ನಿಂದ ಕಾಲನಿ (ಬೆಳೆದ ಬ್ಯಾಕ್ಟೀರಿಯಾ ಗುಂಪು) ಮುಟ್ಟಿ, ಅಗರ್ ಚುಚ್ಚಿಕೊಂಡು ಪ್ಲಾಸ್ಟಿಕ್ ತಳದವರೆಗೆ ಹೋಗಿ. ಮೇಲೆ ಮೇಲೆ ಚುಚ್ಚಿದರೆ ಕೆಲಸ ಕೆಟ್ಟಿತು, ಯಾಕಂದರೆ ಅವು ಜರಗೋದು ಅಗರ್ ಮತ್ತು ಪ್ಲಾಸ್ಟಿಕ್ ನಡುವಿನ ಸಂದಿಯಲ್ಲಿ. 37 ಡಿಗ್ರಿಯಲ್ಲಿ 24ರಿಂದ 48 ಗಂಟೆ ಇಡಿ.

ವಿಜಯಪುರದಲ್ಲಿ ಬೇಸಿಗೆಗೆ ಪ್ಲೇಟ್ ಬೇಗ ಒಣಗುತ್ತದೆ, ಒಣಗಿದರೆ ಒಳ್ಳೆಯ ತಳಿಯೂ ಕದಲುವುದಿಲ್ಲ. ಡಬ್ಬಿಯೊಳಗೆ ಒದ್ದೆ ಹತ್ತಿ ಇಟ್ಟು ಅದರಲ್ಲಿ ಪ್ಲೇಟ್ ಇಡಿ. ಹಾಗಂತ ನೀರು ನಿಲ್ಲಿಸಬೇಡಿ, ಈಜಿ ಹರಡಿದ್ದೋ ಎಳೆದುಕೊಂಡು ಹರಡಿದ್ದೋ ಗೊತ್ತಾಗುವುದಿಲ್ಲ.

ಆಮೇಲೆ ಅಗರ್ ಮೆಲ್ಲಗೆ ಎಬ್ಬಿಸಿ ತೆಗೆಯಿರಿ, ಅದು ಆಟೋಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಹೋಗಬೇಕು. ಪ್ಲೇಟಿನ ತಳಕ್ಕೆ ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಮಾಮೂಲಿ ತಳಿ ಅಗಲವಾದ ನೇರಳೆ ವೃತ್ತ ಬಿಡುತ್ತದೆ. ಉಳಿದ ಎರಡರದ್ದೂ ಬರೀ ಚುಕ್ಕೆ.

ಇಲ್ಲೇ ಜಾಸ್ತಿ ಜನ ತಪ್ಪುವುದು! ಎರಡರಲ್ಲೂ ಪಿಲಿ ಇಲ್ಲ ಅಂತ ರೆಕಾರ್ಡಿನಲ್ಲಿ ಬರೆದುಬಿಡುತ್ತಾರೆ. ಪಿಲ್‌ಬಿ ಇಲ್ಲದ್ದಕ್ಕೆ ಹಗ್ಗವೇ ಇಲ್ಲ, ಸರಿ. ಪಿಲ್‌ಟಿ ಇಲ್ಲದ್ದಕ್ಕೆ ಮೈತುಂಬ ಹಗ್ಗ ಇದೆ, ಎಳೆಯುವವರಿಲ್ಲ ಅಷ್ಟೇ. ಖಾತ್ರಿ ಬೇಕಲ್ವಾ? ಕಾಲನಿ ಕೆರೆದು ಬಫರಿನಲ್ಲಿ ಜೋರಾಗಿ ವರ್ಟೆಕ್ಸ್ ಮಾಡಿ (ಯಂತ್ರದಲ್ಲಿ ಕುಲುಕಿ), ಪಿಲಿ ಮುರಿದು ಕಳಚುತ್ತವೆ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆದುಕೊಳ್ಳಿ, ಮೆಗ್ನೀಸಿಯಂ ಕ್ಲೋರೈಡ್ ಹಾಕಿ ಪಿಲಿ ಕೂರಿಸಿ, ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿ. ಪಿಲ್‌ಎ ತೂಕವಾದ ಸುಮಾರು 15 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಪಿಲ್‌ಟಿ ಇಲ್ಲದ ತಳಿಗೆ ದಪ್ಪ ಪಟ್ಟಿ ಬರುತ್ತದೆ, ಪಿಲ್‌ಬಿ ಇಲ್ಲದ್ದರ ಲೇನ್ ಅಲ್ಲಿ ಖಾಲಿ.