ಹುಳುಕಡ್ಡಿಗೆ ಸೊಪ್ಪೋ, ಕ್ರೀಮೋ? ಹಚ್ಚುವ ಮುನ್ನ ಇಷ್ಟು ನೋಡಿ

ಮಂಡ್ಯ ಕಡೆ ನಾಟಿ ಶುರುವಾದರೆ ತೊಡೆಸಂದಿ, ಸೊಂಟ, ಕಾಲ್ಬೆರಳ ಸಂದಿಯ ನವೆಯೂ ಶುರು. ಗದ್ದೆ ನೀರು, ಬೆವರು, ಒಣಗದ ಬಟ್ಟೆ. ಫಂಗಸ್‌ಗೆ ಇನ್ನೇನು ಬೇಕು?

ಮೊದಲು ಗುರುತು ಹಿಡಿಯಿರಿ. ಅಂಚು ಉಂಗುರದ ಹಾಗೆ ಉಬ್ಬಿ, ನಡುವೆ ತಿಳಿಯಾಗಿದ್ದರೆ ಹುಳುಕಡ್ಡಿ ಇರಬಹುದು.

ಇನ್ನು ಔಷಧಿ. ಸೀಮೆ ಅಗಸೆ ಸೊಪ್ಪು ಅರೆದು ಹಚ್ಚುವುದು ಹಳೇ ಪದ್ಧತಿ. ಸುಮ್ನೆ ಬಂದದ್ದಲ್ಲ, ಆ ಎಲೆಯಲ್ಲಿ ಫಂಗಸ್ ತಡೆಯುವ ಅಂಶವಿದೆ. ಆದರೆ ಒಂದು ಹಿಡಿ ಸೊಪ್ಪಿನಲ್ಲಿ ಅದು ಎಷ್ಟಿದೆ ಎಂದು ಅಳೆಯುವವರು ಯಾರು? ಬೆಳ್ಳುಳ್ಳಿಯಂತೂ ಬೇಡ, ಬೊಬ್ಬೆ ಬರುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಹಾಗಾಗಿ ನನ್ನ ಮತ 1% ಕ್ಲೋಟ್ರಿಮಜೋಲ್ ಅಥವಾ ಟೆರ್ಬಿನಾಫಿನ್ ಕ್ರೀಮಿಗೆ.

ನಿಜವಾದ ಅಪಾಯ ಸೊಪ್ಪಿನದ್ದಲ್ಲ, ಸ್ಟೀರಾಯ್ಡ್ ಬೆರೆಸಿದ ಟ್ಯೂಬಿನದ್ದು. ಹಚ್ಚಿದ ಎರಡೇ ದಿನಕ್ಕೆ ನವೆ, ಕೆಂಪು ಮಾಯ. ಒಳಗೆ ಫಂಗಸ್ ಮಾತ್ರ ಹಬ್ಬುತ್ತಲೇ ಇರುತ್ತದೆ. ನಿಲ್ಲಿಸಿದರೆ ಮೊದಲಿಗಿಂತ ಜಾಸ್ತಿಯಾಗಿ ಬರುತ್ತದೆ, ಚರ್ಮವೂ ತೆಳ್ಳಗಾಗುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್ ಎಂದಿದ್ದರೆ ವಾಪಸ್ ಕೊಡಿ. ಇಂಥವಕ್ಕೆ ವೈದ್ಯರ ಚೀಟಿ ಬೇಕೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಚೀಟಿ ಇಲ್ಲದೆಯೂ ಸಿಗುತ್ತದೆ, ಅದು ಬೇರೆ ಮಾತು. ‘ಆಯುರ್ವೇದಿಕ್’ ಎಂದು ಬರೆದ ಡಬ್ಬಿಯ ಹಿಂಬದಿಯನ್ನೂ ಓದಿ. ಒಳಗೇನಿದೆ ಎಂದು ಬರೆದೇ ಇಲ್ಲವೇ? ಕೊಳ್ಳಬೇಡಿ.

ಹಚ್ಚುವ ಮೊದಲು ತೊಳೆದು ಪೂರ್ತಿ ಒಣಗಿಸಿ. ಕಲೆಯ ಅಂಚಿನಿಂದ ಸುಮಾರು 2 ಸೆಂ.ಮೀ. ಆಚೆಗೂ ತೆಳ್ಳಗೆ ಸವರಿ. ಕ್ಲೋಟ್ರಿಮಜೋಲ್ ಆದರೆ ದಿನಕ್ಕೆ ಎರಡು ಸಲ, 2ರಿಂದ 4 ವಾರ. ನವೆ ನಿಂತ ಕೂಡಲೇ ಟ್ಯೂಬನ್ನು ಕಿಟಕಿಗೆ ಎಸೆಯುವವರೇ ಹೆಚ್ಚು, ಅಲ್ವಾ? ಕಲೆ ಹೋದ ಮೇಲೂ ಒಂದೆರಡು ವಾರ ಹಚ್ಚಬೇಕು. ಟವೆಲ್ ಬೇರೆ ಇಡಿ. ಒಳಬಟ್ಟೆ ಬಿಸಿಲಲ್ಲೇ ಒಣಗಲಿ. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಇಬ್ಬರಿಗೂ ಒಟ್ಟಿಗೇ ಔಷಧಿ ನಡೆಯಬೇಕು.

ತಲೆ ಅಥವಾ ಉಗುರಿಗೆ ಬಂದಿದ್ದರೆ ಕ್ರೀಮು ಸಾಲದು, ಮಾತ್ರೆ ಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರು, ಬಸುರಿಯರು, ಎರಡು ವಾರ ಹಚ್ಚಿಯೂ ಕಡಿಮೆಯಾಗದವರು ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಿ. ಚರ್ಮದ ಹೊಟ್ಟು ಕೆರೆದು ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫಂಗಸ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಈವರೆಗೆ ಹಚ್ಚಿದ ಟ್ಯೂಬು ಜೊತೆಗಿರಲಿ, ಖಾಲಿಯಾಗಿದ್ದರೂ ಸರಿ.