ಈಜುಕೊಳದಿಂದ ಬಂದ ಮೇಲಿನ ಹಸಿವು: ಲೆಕ್ಕ ಹಾಕುವುದು, ಹದಕ್ಕೆ ತರುವುದು ಹೇಗೆ?

ಮುಂಬೈಯಲ್ಲಿ ದಾದರಿನ ಶಿವಾಜಿ ಪಾರ್ಕ್, ಚೆಂಬೂರು, ಮುಲುಂಡ್, ಕಾಂದಿವಲಿಯ ಪಾಲಿಕೆ ಈಜುಕೊಳಗಳಿಗೆ ಬೆಳಗಿನ ಬ್ಯಾಚಿನಲ್ಲಿ ಹೋಗುವ ಹೆಂಗಸರಲ್ಲಿ ಹಲವರಿಗೆ ಎರಡು ತಿಂಗಳಾಗುವಾಗ ಬರುವ ಸಂಶಯ ಇದು: ಮೊಣಕಾಲು ನೋವು ಕಡಿಮೆಯಾಯಿತು, ನಿದ್ದೆ ಚೆನ್ನಾಗಿ ಬರುತ್ತಿದೆ, ತೂಕ ಮಾತ್ರ ಯಾಕೆ ಇಳಿಯಲಿಲ್ಲ? ತಪ್ಪು ವ್ಯಾಯಾಮದ್ದಲ್ಲ. ನೀರಿನಿಂದ ಮೇಲೆ ಬಂದ ನಂತರದ ಒಂದೆರಡು ಗಂಟೆಯಲ್ಲಿ ಏನಾಗುತ್ತದೆ ಎಂಬುದನ್ನು ನೋಡಬೇಕು.

1987ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಪ್ಪಗಿದ್ದ ಹೆಂಗಸರಿಗೆ ಊಟದ ಪಥ್ಯ ಹೇಳದೆ ಕೆಲವರಿಗೆ ನಡಿಗೆ, ಕೆಲವರಿಗೆ ಸೈಕಲ್, ಕೆಲವರಿಗೆ ಈಜು ಕೊಟ್ಟರು. ಮೊದಲ ಎರಡು ಗುಂಪಿನವರ ತೂಕ ಇಳಿಯಿತು, ಈಜಿದವರದು ಇಳಿಯಲಿಲ್ಲ. ಇದನ್ನು ಓದಿ ಈಜು ಬಿಟ್ಟುಬಿಡಬೇಡಿ. 2010ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಬಂದ ಅಧ್ಯಯನದಲ್ಲಿ 50ರಿಂದ 70 ವರ್ಷದ ಹೆಂಗಸರಲ್ಲಿ ಈಜಿದವರು ನಡೆದವರಿಗಿಂತ ಸುಮಾರು ಒಂದು ಕಿಲೋ ಹೆಚ್ಚೇ ಇಳಿದಿದ್ದರು. ಅಂದರೆ ನೀರಿನಲ್ಲಿ ದೋಷವಿಲ್ಲ, ಮಾಡುವ ರೀತಿಯಲ್ಲಿ ವ್ಯತ್ಯಾಸವಿದೆ.

ಖರ್ಚು ಎಷ್ಟೆಂದು ಮೊದಲು ತಿಳಿಯಿರಿ

ಸುಮ್ಮನೆ ಕೂತಾಗ ಮೈಗೆ ಬೇಕಾಗುವ ಶಕ್ತಿಯನ್ನು 1 ಎಂದು ಹಿಡಿದರೆ ಸಾಧಾರಣ ನಡಿಗೆಗೆ ಸುಮಾರು 3.5, ಎದೆಮಟ್ಟದ ನೀರಿನಲ್ಲಿ ಮಾಡುವ ಏರೋಬಿಕ್ಸಿಗೆ ಸುಮಾರು 5.3 ಬೇಕು. ಕೂತಿದ್ದರೂ ಖರ್ಚಾಗುತ್ತಿದ್ದ 1ನ್ನು ಕಳೆದು, ಉಳಿದದ್ದನ್ನು ನಿಮ್ಮ ತೂಕದಿಂದಲೂ ಗಂಟೆಯಿಂದಲೂ ಗುಣಿಸಿ. 60 ಕಿಲೋ ತೂಕದವರು 45 ನಿಮಿಷ ಮಾಡಿದರೆ 4.3 × 60 × 0.75, ಅಂದರೆ ಸುಮಾರು 193 ಕ್ಯಾಲರಿ. ಕೊಳದ ಗೇಟಿನ ಹೊರಗಿನ ಒಂದು ವಡಾ ಪಾವ್ ಗಾತ್ರಕ್ಕೆ ತಕ್ಕಂತೆ 250ರಿಂದ 300 ಕ್ಯಾಲರಿ. ಕಂಬಿ ಹಿಡಿದು ಗೆಳತಿಯರ ಜೊತೆ ಮಾತಾಡಿದ ಹತ್ತು ನಿಮಿಷವನ್ನು ಆ 45ರಲ್ಲಿ ಸೇರಿಸಬೇಡಿ.

ವಾರಕ್ಕೆ ಮೂರು ದಿನವಾದರೆ ಒಟ್ಟು ಸುಮಾರು 580. ಒಂದು ಕಿಲೋ ಕೊಬ್ಬು ಕರಗಲು ಹತ್ತಿರ ಹತ್ತಿರ 7,700 ಕ್ಯಾಲರಿ ಬೇಕು. ಊಟ ಒಂದಿಷ್ಟೂ ಹೆಚ್ಚದಿದ್ದರೆ ಒಂದು ಕಿಲೋ ಇಳಿಯಲು ಮೂರು ತಿಂಗಳು. ಕಹಿಯೆನಿಸಿದರೂ ಈ ಲೆಕ್ಕ ಮೊದಲೇ ಗೊತ್ತಿದ್ದರೆ ಎರಡನೇ ತಿಂಗಳಲ್ಲಿ ಬೇಸತ್ತು ಬಿಡುವ ಪ್ರಸಂಗ ಬರುವುದಿಲ್ಲ.

ಹೆಂಗಸರ ವಿಷಯದಲ್ಲಿ ಇನ್ನೊಂದಿದೆ. ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಕಾಲು ಬೇಗ ಮುಳುಗುವುದಿಲ್ಲ. ಹೀಗಾಗಿ ಅಷ್ಟೇ ದೂರ ಈಜಲು ಗಂಡಸರಿಗಿಂತ ಕಡಿಮೆ ಶಕ್ತಿ ಸಾಕು. ಈಜು ಪಳಗಿದಷ್ಟೂ ಅದೇ ಹತ್ತು ಸುತ್ತಿಗೆ ಖರ್ಚು ಇನ್ನೂ ಇಳಿಯುತ್ತದೆ. ಆದ್ದರಿಂದ ಸುತ್ತು ಎಣಿಸುವುದಕ್ಕಿಂತ ವೇಗ ಗಮನಿಸುವುದು ಒಳ್ಳೆಯದು.

ಹಸಿವು ಯಾಕೆ ಏಳುತ್ತದೆ

ಬೆವರು ಹರಿಯುವಷ್ಟು ಓಡಿದಾಗ ಹಸಿವು ಸ್ವಲ್ಪ ಹೊತ್ತು ಸತ್ತಂತಿರುತ್ತದೆ. ಹಸಿವೆಬ್ಬಿಸುವ ಗ್ರೆಲಿನ್ ಹಾರ್ಮೋನು ತಗ್ಗುತ್ತದೆ, ಮೈ ಬಿಸಿಯೇರಿರುತ್ತದೆ. ನೀರಿನಲ್ಲಿ ಈಜಿದಾಗಲೂ ಗ್ರೆಲಿನ್ ತಗ್ಗುತ್ತದೆ. ಆದರೆ ಮೈ ಬಿಸಿಯಾಗಿ ಉಳಿಯುವುದಿಲ್ಲ, ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ. 2005ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಗಂಡಸರಿಂದ 20 ಡಿಗ್ರಿ ನೀರಿನಲ್ಲೂ 33 ಡಿಗ್ರಿ ನೀರಿನಲ್ಲೂ 45 ನಿಮಿಷ ಸೈಕಲ್ ತುಳಿಸಿ ನೋಡಿದರು. ಎರಡರಲ್ಲೂ ಶ್ರಮ ಒಂದೇ. ತಣ್ಣೀರಿನ ದಿನ ಅವರು 44 ಶೇಕಡಾ ಹೆಚ್ಚು ತಿಂದರು. ಹೆಂಗಸರನ್ನೂ ಸೇರಿಸಿಕೊಂಡು 2020ರಲ್ಲಿ ಬ್ರಿಟನ್ನಿನಿಂದ ಬಂದ ಅಧ್ಯಯನದಲ್ಲಿ ಒಂದು ಗಂಟೆ ಈಜಿದ ದಿನ ಎಲ್ಲರೂ ಸೇರಿ ಸುಮ್ಮನೆ ಕೂತ ದಿನಕ್ಕಿಂತ ಹೆಚ್ಚು ಪಾಸ್ತಾ ತಿಂದಿದ್ದರು. ಹೀಗಾಗಿ ‘ನನಗೆ ನಾಲಿಗೆಯ ಮೇಲೆ ಹಿಡಿತವಿಲ್ಲ’ ಎಂದು ತಮ್ಮನ್ನು ತಾವೇ ಹಳಿದುಕೊಳ್ಳುವ ಹೆಂಗಸರು ದಯವಿಟ್ಟು ಅದನ್ನು ನಿಲ್ಲಿಸಬೇಕು.

ನೀರಿಗಿಳಿದ ಮೇಲೆ

ನೀರು ಹೊಕ್ಕುಳಿಗೂ ಎದೆಗೂ ನಡುವೆ ಇರುವಲ್ಲಿ ನಿಲ್ಲಿ. ಎದೆಮಟ್ಟದಲ್ಲಿ ಪಾದಕ್ಕೆ ಬೀಳುವ ಭಾರ ಮೈತೂಕದ ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಮಂಡಿ ಸವೆದವರಿಗೆ ಇದು ದೊಡ್ಡ ಉಪಕಾರ. ಕೊರಳತನಕ ಹೋದರೆ ಪಾದ ನೆಲಕ್ಕೆ ಹಿಡಿಯದೆ ತೇಲಾಡುತ್ತೀರಿ, ಕೆಲಸವಾಗುವುದಿಲ್ಲ. ಈಜು ಬಾರದವರು ಆಳ ಎಲ್ಲಿಂದ ಶುರುವಾಗುತ್ತದೆ ಎಂದು ಜೀವರಕ್ಷಕರನ್ನು ಕೇಳಿಯೇ ಇಳಿಯಬೇಕು.

ಐದು ನಿಮಿಷ ಮುಂದಕ್ಕೂ ಹಿಂದಕ್ಕೂ ನಡೆಯಿರಿ. ಮುಂದಕ್ಕೆ ನಡೆಯುವಾಗ ಹಿಮ್ಮಡಿ ಮೊದಲು ಊರಲಿ. ತುದಿಗಾಲಲ್ಲೇ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಆಮೇಲೆ 40 ಸೆಕೆಂಡು ಮಂಡಿ ಎತ್ತಿ ಜೋರಾಗಿ ಓಡುವುದು, 20 ಸೆಕೆಂಡು ನಿಧಾನ ನಡಿಗೆ. ಹೀಗೆ ಎಂಟು ಸಲ. ಎರಡು ನಿಮಿಷ ಬಿಟ್ಟು ಕೈಗಳಿಂದ ನೀರು ತಳ್ಳುತ್ತ ಮತ್ತೆ ಎಂಟು ಸಲ. ಅಂಗೈ ಅಗಲಿಸಿ ತಳ್ಳಬೇಕು. ಓರೆಯಾಗಿ ಸೀಳಿದರೆ ಕೈ ಆಡಿದಂತೆ ಕಾಣುತ್ತದೆ, ಶ್ರಮವಿಲ್ಲ. ನೀರಿನ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಡಂಬೆಲ್ ಕೊಳ್ಳುವ ಮೊದಲು ಇದನ್ನು ಪೂರ್ತಿ ಬಳಸಿಕೊಳ್ಳಿ.

ಕೈಗಡಿಯಾರದ ನಾಡಿಬಡಿತ ನಂಬಬೇಡಿ. ಎದೆತನಕದ ನೀರಿನಲ್ಲಿ ಅಷ್ಟೇ ಶ್ರಮಕ್ಕೆ ಬಡಿತ ನಿಮಿಷಕ್ಕೆ ಹತ್ತರಷ್ಟು ಕಡಿಮೆ ತೋರಬಹುದು. ಮೂರ್ನಾಲ್ಕು ಪದ ಹೇಳಿ ಉಸಿರು ಎಳೆದುಕೊಳ್ಳುವಂತಿದ್ದರೆ ಜೋರಿನ ಸರದಿ ಸರಿಯಾಗಿದೆ. ತುಟಿ ನೀಲಿಯಾಯಿತು, ನಡುಕ ಬಂತು ಎಂದರೆ ಸಮಯ ಮುಗಿಯದಿದ್ದರೂ ಮೇಲೆ ಬನ್ನಿ. ಬರುವಾಗ ಮೆಟ್ಟಿಲಲ್ಲಿ ಒಂದು ನಿಮಿಷ ನಿಲ್ಲಿ, ನೀರಿನ ಒತ್ತಡ ಬಿಟ್ಟೊಡನೆ ರಕ್ತದೊತ್ತಡ ಇಳಿದು ತಲೆ ಸುತ್ತುವುದುಂಟು.

ಮೇಲೆ ಬಂದ ನಂತರದ ಗಂಟೆ

ಎಲ್ಲ ಕೆಡುವುದು ಇಲ್ಲಿ. ಒದ್ದೆ ಕಾಸ್ಟ್ಯೂಮಿನ ಮೇಲೆ ನೈಟಿ ಹಾಕಿಕೊಂಡು ರಿಕ್ಷಾ ಹತ್ತಿದರೆ ಮನೆ ಮುಟ್ಟುವವರೆಗೆ ಗಾಳಿಗೆ ಮೈ ತಣಿಯುತ್ತಲೇ ಇರುತ್ತದೆ. ಹತ್ತು ನಿಮಿಷದೊಳಗೆ ಒರೆಸಿಕೊಂಡು ಒಣ ಬಟ್ಟೆ ಹಾಕಿಕೊಳ್ಳಿ, ಕೂದಲನ್ನೂ ಒರೆಸಿ. ಡಿಸೆಂಬರ್, ಜನವರಿಯ ಬೆಳಗಿಗೆ ಒಂದು ತೆಳು ಸ್ವೆಟರ್ ಚೀಲದಲ್ಲಿರಲಿ. ಸಾಧ್ಯವಾದರೆ ಹತ್ತು ನಿಮಿಷ ಚುರುಕಾಗಿ ನಡೆದೇ ಸ್ಟೇಷನ್ನಿಗೆ ಹೋಗಿ.

ನೀರಿನಲ್ಲಿ ಬೆವರು ಗೊತ್ತಾಗುವುದಿಲ್ಲ, ಮೇಲಾಗಿ ನೀರಿನ ಒತ್ತಡದಿಂದ ಮೂತ್ರ ಹೆಚ್ಚಾಗುತ್ತದೆ. ಒಮ್ಮೆ ಹೋಗುವ ಮೊದಲೂ ಬಂದ ಮೇಲೂ ಮೈ ಒರೆಸಿಕೊಂಡು ತೂಕ ನೋಡಿ. ಅರ್ಧ ಕಿಲೋ ಇಳಿದಿದ್ದರೆ ಅದು ಕೊಬ್ಬಲ್ಲ, ಅರ್ಧ ಲೀಟರ್ ನೀರು. ಉಗುರುಬೆಚ್ಚಗಿನ ನೀರನ್ನೋ ತೆಳು ಮಜ್ಜಿಗೆಯನ್ನೋ ಮೊದಲು ಕುಡಿಯಿರಿ.

ತಿಂಡಿ ಏನೆಂದು ಹಿಂದಿನ ರಾತ್ರಿಯೇ ತೀರ್ಮಾನವಾಗಿರಬೇಕು, ಹಸಿದ ಹೊತ್ತಿನಲ್ಲಿ ಯೋಚಿಸಿ ಪ್ರಯೋಜನವಿಲ್ಲ. ನೆನೆಸಿದ ಹೆಸರುಕಾಳಿನ ಉಸಲಿ ಒಂದು ಬಟ್ಟಲು ಮತ್ತು ಎರಡು ಇಡ್ಲಿ. ಅಥವಾ ಮೂರು ನೀರುದೋಸೆಗೆ ಎರಡು ಮೊಟ್ಟೆ. ಅಥವಾ ಹುರುಳಿಸಾರು, ಅನ್ನ. ಬೆಚ್ಚಗಿರಲಿ, ಕಾಳೋ ಮೊಟ್ಟೆಯೋ ಇರಲಿ. ಬಂದ ಮುಕ್ಕಾಲು ಗಂಟೆಯೊಳಗೆ ತಿನ್ನಿ. ‘ಈಗಷ್ಟೇ ವ್ಯಾಯಾಮ ಮಾಡಿದ್ದೇನೆ, ಮಧ್ಯಾಹ್ನವೇ ಉಣ್ಣುತ್ತೇನೆ’ ಎಂದು ಉಪವಾಸ ಕೂತವರು ಹನ್ನೊಂದು ಗಂಟೆಗೆ ಫರ್ಸಾಣ್ ಡಬ್ಬಿಗೆ ಕೈ ಹಾಕುತ್ತಾರೆ. ಸಾಲದ್ದಕ್ಕೆ, ಬಹಳ ಕಡಿಮೆ ತಿಂದು ಬಹಳ ಈಜುವುದರಿಂದ ಮುಟ್ಟು ಏರುಪೇರಾಗಬಹುದು, ಮೂಳೆ ಸೊರಗಬಹುದು.

ಎಂಟು ವಾರ ಬರೆದಿಡಿ

ಒಂದು ಪುಸ್ತಕದಲ್ಲಿ ಹಸಿವಿಗೆ 0ಯಿಂದ 10ರವರೆಗೆ ಅಂಕ ಹಾಕಿ: ಇಳಿಯುವ ಮೊದಲು, ಮೇಲೆ ಬಂದೊಡನೆ, ಬಂದು ಒಂದು ಗಂಟೆಯಾದ ಮೇಲೆ, ಮೂರು ಗಂಟೆಯಾದ ಮೇಲೆ. ಪಕ್ಕದಲ್ಲಿ ನೀರಿನ ಉಷ್ಣತೆ, ಏನೇನು ತಿಂದಿರಿ, ಮುಟ್ಟಿನ ಎಷ್ಟನೇ ದಿನ ಎಂಬುದೂ ಇರಲಿ. ಮುಟ್ಟಿಗೆ ಮೊದಲಿನ ವಾರದಲ್ಲಿ ಹಸಿವು ಹೆಚ್ಚುವುದೂ ನೀರು ತುಂಬಿ ತೂಕ ಏರುವುದೂ ಸಾಮಾನ್ಯ. ಹಾಗಾಗಿ ಈ ವಾರಕ್ಕೆ ಕಳೆದ ವಾರವನ್ನು ಹೋಲಿಸದೆ, ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸಿ. ಸೊಂಟದ ಸುತ್ತಳತೆಯನ್ನೂ ಹೊಕ್ಕುಳಿನ ಮಟ್ಟದಲ್ಲಿ ತೆಗೆದುಕೊಳ್ಳಿ. ಮೂರು ಗಂಟೆಯ ಅಂಕ ಪದೇ ಪದೇ 8 ದಾಟಿದರೆ ತಿಂಡಿಯಲ್ಲಿ ಕಾಳು ಹೆಚ್ಚಿಸಿ. ತಣ್ಣೀರಿನ ದಿನ ಮಾತ್ರ ದಾಟಿದರೆ ಬ್ಯಾಚನ್ನೇ ಬಿಸಿಲೇರಿದ ಹೊತ್ತಿಗೆ ಬದಲಿಸಿಕೊಳ್ಳಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಬಾಣಂತಿಯರು, ಹೃದಯದ ತೊಂದರೆ ಇರುವವರು ಶುರು ಮಾಡುವ ಮೊದಲು ವೈದ್ಯರನ್ನು ಕೇಳಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು ಸಕ್ಕರೆ ನೋಡದೆ ನೀರಿಗಿಳಿಯಬಾರದು, ಗ್ಲೂಕೋಸ್ ಪುಡಿಯನ್ನು ಕೊಳದ ಅಂಚಿನಲ್ಲಿ ಕೈಗೆಟುಕುವಂತೆ ಇಟ್ಟಿರಬೇಕು, ಪಕ್ಕದಲ್ಲಿರುವವರಿಗೂ ಹೇಳಿರಬೇಕು.